ಅಜ್ಜಿ ಕಣ್ಣಿಗೆ ತಾಯತವಾದ ನನ್ನ ಘಡಿ

ದೋಸ್ತರೇ, ನಗಬ್ಯಾಡ್ರಿ. ಇವತ್ತ ಕಮಲಾಪುರಕ್ಕ ಕನ್ಯಾ ನೋಡ್ಲಿಕ್ಕ ಹೋಗಿದ್ದೆ. ಕೈಗೆ ಹೈದರಾಬಾದಿನಿಂದ ತರಿಸಿದ ಹೊಸ ವಿಲಾಯತಿ ಘಡಿ. ನಿಜಾಮ ಸರ್ಕಾರದ ಸಾಹೇಬರೂ ಘಡಿಗೆ ಸರಪಳಿ ಹಾಕಿ ಕಿಸೆದಾಗ ಇಟ್ಕೋತಾರ. ಪಟ್ಟಿ ಹಾಕಿ ಮಣಿಕಟ್ಟಿಗೆ ಕಟ್ಟಿದಾಂವ ಕಲಬುರ್ಗ್ಯಾಗ ನಮ್ಮ ಓಣಿಗೆ ನಾನೇ ಮೊದಲನೆಯಾಂವ.

ಎಲ್ಲರಿಗೂ ಕಾಣ್ಲಿ ಅಂತ ಅಂಗಿ ತೋಳು ಮ್ಯಾಲ ಸರಿಸಿ, ತಾಟಿನ್ಯಾಗಿದ್ದ ಕೆಂಪು ಬಾಳಿಹಣ್ಣಿಗೆ ಕೈ ಚಾಚಿದೆ. ಹುಡುಗಿಯ ಅಜ್ಜಿ ಕಣ್ಣು ಸಣ್ಣ ಮಾಡಿ ನೋಡಿ ನಮ್ಮಪ್ಪಗ ಕೇಳಿದ್ಲು:

"ಯಜಮಾನ್ರ, ಹುಡುಗಗ ಏನ್ ಜಡ್ಡ ಅದರೀ? ಇಷ್ಟು ದೊಡ್ಡ ತಾಯತ ಕಟ್ಟೀರಿ?"

ಅಪ್ಪನ ಬಾಯಾಗಿನ ಹಣ್ಣು ಅಲ್ಲೇ ನಿಂತಿತು. "ತಾಯತ ಅಲ್ಲರೀ ಅಜ್ಜಿ, ಘಡಿ. ಕೇಳ್ರಿ," ಅಂತ ನಾ ಆಕಿ ಕಿವಿಗೆ ಹಿಡಿದೆ. ಆಕಿ ಬೆಚ್ಚಿ ಹಿಂದ ಸರಿದ್ಲು.

"ಒಳಗ ಏನೋ ಬಡಕೊಳ್ಲಾಕತ್ತದ! ಗಾಳಿ ಸೋಕಿದ ಹುಡುಗಗ ನಮ್ಮ ಕೂಸಿನ ಕೊಡಂಗಿಲ್ಲ."

ಸಂಬಂಧ ಮುರೀತು ಅಂದ್ಕೊಂಡೆ. "ದೆವ್ವ ಅಲ್ಲರೀ ಅಜ್ಜಿ! ದಿನಾ ಮುಂಜಾನಿ ಕೀಲಿ ಕೊಟ್ರ ನಡೀತದ, ಮರೆತ್ರ ನಿಂದರ್ತದ."

ಆಗ ಬಾಗಲ ಹಿಂದಿನಿಂದ ಹುಡುಗಿ ನಕ್ಕು ಅಂದ್ಲು: "ಅಜ್ಜಿ, ನೀ ಅಂಜಬ್ಯಾಡ. ಕೀಲಿ ನಾ ಕೊಡ್ತೀನಿ."

ಅಜ್ಜಿ ಮೊಮ್ಮಗಳ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಎಲ್ಲರ ಬಾಯಿಗೆ ಹಾಕ್ಲಿಕ್ಕ ಸಕ್ಕರಿ ತರಿಸಿದ್ಲು.

ವಾಪಸ್ ಬರೋವಾಗ ಕಪನೂರ ಹತ್ರ, ಟಾಂಗಾದಾಗ, ಅಪ್ಪ "ಎಷ್ಟಾತೋ?" ಅಂದ. ನೋಡಿದ್ರ ನಿನ್ನಿ ಕೊಟ್ಟ ಕೀಲಿ ತೀರಿ ಘಡಿ ನಿಂತಿತ್ತು. ಮುಂಜಾನಿ ಗಡಿಬಿಡ್ಯಾಗ ಕೀಲಿ ಕೊಡೋದ ಮರೆತಿದ್ದೆ. ಈಗೂ ಕೊಟ್ಟಿಲ್ಲ. ಕೊಡಾಕಿ ಬರ್ತಾಳ, ಅಲ್ಲಿತನಕ ತಡೀಲಿ.