ಪಾರ್ವತೆವ್ವನ ಕೌದಿಗೆ ಹತ್ತು ಹೆಸರು

ಕೌದಿ ಒಬ್ಬರೇ ಕೂತು ಹೊಲಿಯುವ ವಸ್ತುವಲ್ಲ. ಹಳೆ ಸೀರೆ, ಹಳೆ ಧೋತರಗಳನ್ನು ಪದರಪದರವಾಗಿ ನೆಲಕ್ಕೆ ಹಾಸಿ, ನಾಲ್ಕು ಮಗ್ಗುಲಿಗೆ ನಾಲ್ಕು ಹೆಂಗಸರು ಕೂತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರಬೇಕು. ಕೈಗೆಷ್ಟು ಕೆಲಸವೋ ಬಾಯಿಗೂ ಅಷ್ಟೇ ಇರಬೇಕು. ಕೆನಡಾದ ವಾನ್‌ನಲ್ಲಿರುವ ಪಾರ್ವತೆವ್ವ ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಅವಳ ನಾಲಿಗೆಯೇ ಸವೆದಿತ್ತು.

ಗುಳೇದಗುಡ್ಡದಲ್ಲಿ ಹುಟ್ಟಿ, ಗಂಡನ ಹಿಂದೆ ಈ ದೇಶಕ್ಕೆ ಬಂದು, ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿದ ಕೈ ಅವಳದು. ಅಲ್ಲಿ ಯಂತ್ರದ ಸದ್ದಿನಲ್ಲಿ ಬಾಯಿ ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಸುಮ್ಮನೆ ಕೂತ ಆ ಕಾಲವನ್ನೆಲ್ಲ ಮುಪ್ಪಿನಲ್ಲಿ ಮಾತಾಡಿ ತೀರಿಸಬೇಕೆಂಬ ಹಟ ಅವಳಿಗೆ. ಈಗ ವಯಸ್ಸು ಎಪ್ಪತ್ತೊಂದು. ಗಂಡ ತೀರಿದ ಮೇಲೆ ಮಗನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಕೌದಿ ಹಾಸಿದಳು. ಮೂರು ವರ್ಷವಾದರೂ ಅದು ಒಂದು ಮಗ್ಗುಲು ಬಿಟ್ಟು ಮುಂದೆ ಹೋಗಿರಲಿಲ್ಲ.

ಹೀಗಿರುವಾಗ ಹತ್ತಿರದ ಸಮುದಾಯ ಭವನದವರು ಪ್ರತಿ ಬುಧವಾರ ಮಧ್ಯಾಹ್ನ ಎರಡಕ್ಕೆ ಕೌದಿ ಹೊಲಿಯುವ ಗುಂಪಿಗೆಂದು ಒಂದು ಕೋಣೆ ಕೊಡಲು ಒಪ್ಪಿದರು. ಕಟ್ಟಳೆ ಒಂದೇ. ಸೆಪ್ಟೆಂಬರ್ ಮುಗಿಯುವುದರೊಳಗೆ ಈ ಸುತ್ತಮುತ್ತಲಿನ ಹತ್ತು ಜನ ಆ ಗುಂಪಿನದೇ ಒಂದು ವೆಬ್‌ಸೈಟಿನಲ್ಲಿ ತಾವಾಗಿಯೇ ಹೆಸರು ನೋಂದಾಯಿಸಿರಬೇಕು. ಇಲ್ಲವಾದರೆ ಕೋಣೆ ಬೇರೆಯವರ ಪಾಲು. ಪಾರ್ವತೆವ್ವ ನಿಂತ ಕಾಲಲ್ಲೇ ಹನ್ನೆರಡು ಹೆಸರು ಹಾಳೆಯಲ್ಲಿ ಬರೆದು ಮುಂದೆ ಹಿಡಿದಳು. ಭವನದ ಮೇಲ್ವಿಚಾರಕಿ ನಕ್ಕು ಹಾಳೆಯನ್ನು ತಿರುಗಿ ಅವಳ ಕೈಗೇ ಕೊಟ್ಟಳು.

"ನಾ ಹೇಳಿದ್ರ ನಡಿಯೂದಿಲ್ಲಂತ. ಕಂಪ್ಯೂಟರ್ ಹೇಳಬೇಕಂತ," ಎಂದು ಮನೆಗೆ ಬಂದು ಸೊಸೆಯ ಮುಂದೆ ಸಿಡಿದಳು.

ಸೊಸೆ ಶರ್ವಾಣಿ ಮೈಸೂರಿನವಳು. ಮನೆಯಲ್ಲೇ ಕೂತು ಮಾಡುವ ಅವಳ ನೌಕರಿಯೂ ಅದೇ, ಹೊಸ ವೆಬ್‌ಸೈಟುಗಳಿಗೆ ಜನರನ್ನು ಕರೆತರುವುದು. ಒಂದು ಭಾನುವಾರ ಕೂತು 'ಕೌದಿಕಟ್ಟೆ' ಎಂಬ ಹೆಸರಿನ ತಾಣವನ್ನು ಕಟ್ಟಿಯೇಬಿಟ್ಟಳು. ವಾರ ಕಳೆದು ನೋಡಿದರೆ ಅಲ್ಲಿಗೆ ಬಂದುಹೋದವರ ಸಂಖ್ಯೆ ನಾಲ್ಕು.

"ಯಾರವಾ ಆ ನಾಲ್ಕು ಮಂದಿ?"

"ಒಂದು ನಾನು, ಒಂದು ನಿಮ್ಮ ಮಗ. ಉಳಿದೆರಡು ಸಲಾನೂ ನೀವೇ ಅತ್ತೆ. ಸುಮ್ನೆ ಸೈಟ್ ಮಾಡಿಟ್ರೆ ಯಾರೂ ಬರಲ್ಲ. ಆರ್ಟಿಕಲ್ ಬರೀಬೇಕು, ಅದನ್ನ ನಾಲ್ಕು ಕಡೆ ಹಾಕ್ಬೇಕು. ಓದಿ ಇಷ್ಟ ಆದವರು ಕೆಳಗಿರೋ ಲಿಂಕ್ ಒತ್ತಿ ನಮ್ಮ ಹತ್ರ ಬರ್ತಾರೆ."

"ಹೊಲಿಯಾಕ ಕರಿಯೂದಕ್ಕೂ ಬರೀಬೇಕೇನು? ನಮ್ಮವ್ವ ಅಂಗಳದಾಗ ನಿಂತು ಒಂದ ಕೂಗ ಹಾಕಿದ್ರ ಇಡೀ ಓಣಿ ಸೂಜಿ ಹಿಡಕೊಂಡ ಬರತಿತ್ತು."

"ಇಲ್ಲಿ ಅಂಗಳದಲ್ಲಿ ನಿಂತು ಕೂಗಿದ್ರೆ ಪೊಲೀಸ್ ಬರ್ತಾರೆ."

ಮೊದಲ ಲೇಖನವನ್ನು ಶರ್ವಾಣಿ ಯಂತ್ರದ ಕೈಲೇ ಬರೆಸಿ ಓದಿದಳು. ಕೌದಿಯು ನಮ್ಮ ಶ್ರೀಮಂತ ಪರಂಪರೆಯ ಹೆಮ್ಮೆಯ ಪ್ರತೀಕ ಎಂದು ಆರಂಭವಾಗಿ, ಕೌದಿಯ ಐದು ಪ್ರಯೋಜನಗಳು ಎಂಬಲ್ಲಿಗೆ ಬರುವಷ್ಟರಲ್ಲಿ ಪಾರ್ವತೆವ್ವ ಕೈ ಅಡ್ಡ ಹಿಡಿದಳು.

"ಇದನ್ನ ಬರದಾಂವ ಒಂದಿನನೂ ಕೌದಿ ಹೊತ್ಗೊಂಡ ಮಲಗಿಲ್ಲ."

"ಬರೆದಿದ್ದು ಮನುಷ್ಯರಲ್ಲ ಅತ್ತೆ, ಮಷಿನ್ನು."

"ಅದಕ್ಕ ಮತ್ತ. ಥಂಡಿ ಹತ್ತದ ಜೀವಕ್ಕ ಕೌದಿ ಹೆಂಗ ತಿಳೀಬೇಕು? ಸರಿ ಅತ್ಲಾಗ, ನಾನ ಬರೀತೀನಿ."

ಅವಳು ಶಾಲೆ ಕಂಡದ್ದು ಏಳನೆಯ ಇಯತ್ತೆಯವರೆಗೆ. ಆದರೆ ಕಿರಾಣಿ ಕಟ್ಟಿದ ಕಾಗದವನ್ನೂ ಓದದೆ ಎಸೆದವಳಲ್ಲ. ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಮೂರು ದಿನ ಬರೆದಳು. ಅವಳ ತವರಿನಲ್ಲಿ ಕೌದಿಯ ನಡುವಿನ ಕೊನೆಯ ತೇಪೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದರು, ಹೊದ್ದವರ ಹೊಟ್ಟೆ ತುಂಬಿರಬೇಕಾದರೆ ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ಒಂದು ಬರಗಾಲದ ವರ್ಷ ಅವಳ ಅವ್ವ ಕೊನೆಯ ರೊಟ್ಟಿಯಲ್ಲೂ ಆ ಚೂರು ಮುರಿದಿಟ್ಟಿದ್ದಳು. ಅದನ್ನೇ ಬರೆದಳು. ಓದಿದ ಶರ್ವಾಣಿ ಮೂಗೊರೆಸಿಕೊಂಡು, "ತುಂಬಾ ಚೆನ್ನಾಗಿದೆ ಅತ್ತೆ. ಆದ್ರೆ ಗೂಗಲ್‌ನಲ್ಲಿ ಹುಡುಕೋರಿಗೆ ಸಿಗ್ಬೇಕಂದ್ರೆ ಕೌದಿ ಅನ್ನೋ ಪದ ಇನ್ನೂ ಆರು ಸಲ ಬರಬೇಕು," ಎಂದಳು.

"ಹಂಗಾದ್ರ ಅದು ಲೇಖನ ಅಲ್ಲವಾ, ಭಜನಿ."

ಆರು ಸಲವಲ್ಲ, ಎರಡು ಸಲ ಎಂಬಲ್ಲಿಗೆ ರಾಜಿಯಾಯಿತು. ಕೆಳಗೆ ಚೌಕದೊಳಗೆ ಪಾರ್ವತೆವ್ವನ ಹೆಸರು, ಕೌದಿಕಟ್ಟೆಯ ವಿಳಾಸ. ಒಶಾವಾದಿಂದ ಬ್ರಾಂಪ್ಟನ್‌ವರೆಗಿನ ಕನ್ನಡದವರ ಗುಂಪುಗಳಿಗೆಲ್ಲ ಲೇಖನ ಹೋಯಿತು. ಕೈಮುಗಿದ ಚಿತ್ರಗಳು, ಹೃದಯಗಳು, 'ಸೂಪರ್ ಆಂಟಿ'ಗಳು ಮಳೆಯಂತೆ ಸುರಿದವು. ತಾಣಕ್ಕೆ ಬಂದವರು ಹತ್ತೊಂಬತ್ತು ಜನ. ಹೆಸರು ಹಚ್ಚಿದವರು ಇಬ್ಬರು.

ಐದನೆಯ ದಿನ ಗುಳೇದಗುಡ್ಡದಿಂದ ತಮ್ಮ ಅಮರೇಶ ವಾಟ್ಸಾಪಿನಲ್ಲಿ ಒಂದು ಬರಹ ಕಳಿಸಿದ. ಜೊತೆಗೆ ಅವನ ಮಾತು: ಅಕ್ಕಾ, ತಪ್ಪದ ಓದು, ಬರದಾಕಿ ಯಾರೋ ಗೊತ್ತಿಲ್ಲ, ಖರೇ ಕೌದಿ ಬಲ್ಲಾಕಿ. ನೋಡಿದರೆ ಅವಳದೇ ಲೇಖನ. ಯಾರೋ ಪುಣ್ಯಾತ್ಮರು ಕೆಳಗಿನ ಚೌಕ ಕತ್ತರಿಸಿ ಬರಹವನ್ನಷ್ಟೇ ಊರೂರು ತಿರುಗಲು ಬಿಟ್ಟಿದ್ದರು. ಪಾರ್ವತೆವ್ವ ಫೋನು ಹಚ್ಚಿದಳು.

"ಲೇ ಅಮರೇಶ, ಅದು ನಮ್ಮವ್ವನ ಕಥಿ. ನಾನ ಬರದೀನಿ."

"ಹೌದೇನು? ಓದೂಮುಂದ ಅನಸ್ತು, ಇಂಥಾಕಿ ನಮ್ಮವ್ವ ಒಬ್ಬಾಕೆ ಇದ್ಲು ಅಂತ. ಆದ್ರ ನಿನ್ನ ಹೆಸರ ಇಲ್ಲಲ್ಲ ಅಕ್ಕಾ ಇದರಾಗ. ಅಪ್ಪನ ಭಜನಿ ಪದದಾಗಾದ್ರ ಕಡೀ ಸಾಲಿನಾಗ ಗುರುವಿನ ಹೆಸರ ಇರತಿತ್ತು. ಅದನ್ನ ತಗದ್ರ ಪದಾನ ಮುರೀತಿತ್ತು."

ಬೈಯುವುದನ್ನು ಬಿಟ್ಟು ಅವಳು ನೋಟುಬುಕ್ಕು ತೆಗೆದಳು. ಹುಂಬನ ಬಾಯಲ್ಲೂ ಒಮ್ಮೊಮ್ಮೆ ಮುತ್ತು ಉದುರುತ್ತದೆ.

ಎರಡನೆಯ ಲೇಖನದಲ್ಲಿ ಅವಳು ಕೆಳಗೆ ಚೌಕವನ್ನೇ ಇಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಕಥೆಯ ಹೊಟ್ಟೆಯೊಳಗೇ ಹೊಲಿದಳು. ನಾಲ್ಕು ಮಗ್ಗುಲಿಗೆ ಕೂತ ನಾಲ್ವರು ಹೆಂಗಸರು ಹೇಗೆ ಜಗಳಾಡಿ ಹೇಗೆ ಒಂದಾಗುತ್ತಿದ್ದರೆಂದು ಬರೆಯುತ್ತ, ಆ ನಾಲ್ವರಲ್ಲಿ ಇಂದು ನಾನೊಬ್ಬಳೇ ಉಳಿದಿದ್ದೇನೆ, ಬುಧವಾರ ಮಧ್ಯಾಹ್ನ ಎರಡಕ್ಕೆ ವಾನ್‌ನ ಸಮುದಾಯ ಭವನದಲ್ಲಿ ಪಾರ್ವತೆವ್ವ ಎಂದು ಕೇಳಿದರೆ ತೋರಿಸುತ್ತಾರೆ, ಕೌದಿಕಟ್ಟೆ ಎಂಬ ತಾಣದಲ್ಲಿ ಹೆಸರು ಹಚ್ಚಿ ಬನ್ನಿ, ಮೂರು ಮಗ್ಗುಲು ಖಾಲಿ ಇವೆ ಎಂದು ನಡುವೆಯೇ ಬರೆದಳು. ಅದನ್ನು ಕಿತ್ತರೆ ಕಥೆಯೇ ಕಿತ್ತುಬರುವ ಹಾಗೆ.

ಬರಹ ಗಾಳಿಗೆ ಬಿದ್ದ ಹತ್ತಿಯಂತೆ ಹಾರಿತು. ಎರಡೇ ವಾರದಲ್ಲಿ ತಾಣಕ್ಕೆ ಸಾವಿರದ ಮೇಲೆ ಜನ. ಎಪ್ಪತ್ತಾರು ಹೆಸರು. ಪಾರ್ವತೆವ್ವ ದೇವರ ಮುಂದೆ ಕಾಯಿ ಒಡೆಯಲು ಹೊರಟಿದ್ದಳು. ಅಷ್ಟರಲ್ಲಿ ಶರ್ವಾಣಿ ತಡೆದಳು.

"ಸ್ವಲ್ಪ ತಾಳಿ ಅತ್ತೆ. ಇವರೆಲ್ಲ ಎಲ್ಲಿಯವರು ಅಂತ ನೋಡೋಣ."

ವಿಜಯಪುರ, ಹುಬ್ಬಳ್ಳಿ, ಮಸ್ಕತ್, ಸಿಡ್ನಿ. 'ಬರಾಕ ಆಗೂದಿಲ್ಲರೀ ಅಕ್ಕಾರ, ಪ್ರೀತಿಗೆ ಹೆಸರ ಹಚ್ಚೀವಿ' ಎಂದು ಒಬ್ಬರಲ್ಲ, ಹತ್ತಾರು ಜನ ಬರೆದಿದ್ದರು. ಪಟ್ಟಿಯ ಇಪ್ಪತ್ತೊಂದನೆಯ ಹೆಸರು ಅಮರೇಶನದು.

"ಇವನಿಗೇನ ಧಾಡಿ? ಅಂವಾ ಜೀವಮಾನದಾಗ ಒಂದ ಗುಂಡಿ ಹಚ್ಚಿಲ್ಲ."

ಈ ಸುತ್ತಮುತ್ತಲಿನವರೆಂದು ಉಳಿದದ್ದು ಆರೇ ಹೆಸರು. ಸೆಪ್ಟೆಂಬರ್ ಮುಗಿಯಿತು. ಭವನದವರು ಬುಧವಾರದ ಕೋಣೆಯನ್ನು ಕುರ್ಚಿಯ ಮೇಲೆ ಕೂತು ವ್ಯಾಯಾಮ ಮಾಡುವವರಿಗೆ ಕೊಟ್ಟರು. ಶರ್ವಾಣಿ ಆ ಆರು ಜನಕ್ಕೂ ಕೋಣೆ ಸಿಗಲಿಲ್ಲವೆಂದು ಇಮೇಲ್ ಕಳಿಸಿದಳು. ಪಾರ್ವತೆವ್ವ ನೋಟುಬುಕ್ಕನ್ನು ಕಪಾಟಿಗೆ ಎಸೆದು, ಬರಹ ನಂಬಿದವರು ಉದ್ಧಾರವಾದದ್ದನ್ನು ಕಂಡಿಲ್ಲ ಎಂದು ಮೂರು ದಿನ ಗೊಣಗಿದಳು.

ಅಕ್ಟೋಬರಿನ ಮೊದಲ ಬುಧವಾರ ಎರಡೂಕಾಲಿಗೆ ಮೇಲ್ವಿಚಾರಕಿಯ ಫೋನು ಬಂತು. ಇಲ್ಲಿ ಯಾರ್‍ಯಾರೋ ನಿಮ್ಮ ಹೆಸರು ಹೇಳಿಕೊಂಡು ಬಂದಿದ್ದಾರೆ, ಕಳಿಸಿದರೂ ಹೋಗುತ್ತಿಲ್ಲ ಎಂದಳು. ಶರ್ವಾಣಿ ಲ್ಯಾಪ್‌ಟಾಪ್ ಮುಚ್ಚಿ, ಅತ್ತೆಯನ್ನು ಕರೆದುಕೊಂಡು ಕಾರು ತೆಗೆದಳು. ಹೋಗಿ ನೋಡಿದರೆ ಬಾಗಿಲ ಪಕ್ಕದ ಬೆಂಚುಗಳ ಮೇಲೆ ಹನ್ನೊಂದು ಹೆಂಗಸರು, ಒಬ್ಬೊಬ್ಬರ ತೊಡೆಯ ಮೇಲೂ ಹಳೆ ಸೀರೆಯ ಗಂಟು. ನಡುವೆ ಠೀವಿಯಿಂದ ಕೂತಿದ್ದವಳು ರೆಕ್ಸ್‌ಡೇಲಿನ ರಾಜಲಕ್ಷ್ಮಿ, ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತಳಾದ, ಪಾರ್ವತೆವ್ವನ ಹಳೆಯ ಗೆಳತಿ.

"ನೀವು ಹೆಸರ ಯಾಕ ಹಚ್ಚಲಿಲ್ಲರೀ?"

"ಬರೋದೇ ಅಂತ ಆದ್ಮೇಲೆ ಹೆಸರು ಯಾಕೆ ಪಾರ್ವತಮ್ಮ? ಮದುವೆಗೆ ಹೋಗೋಕೆ ಮುಂಚೆ ಫಾರಂ ತುಂಬ್ತೀವಾ?"

"ಬರಲಾರದವರು ಎಪ್ಪತ್ತ ಮಂದಿ ಹಚ್ಯಾರ. ಬರುವವರು ಒಬ್ಬರೂ ಹಚ್ಚಿಲ್ಲ. ನಿಮ್ಮನ್ನ ಕಟಗೊಂಡು ನಾ ಯಾವ ಬಾವಿಗೆ ಬೀಳ್ಲಿ?"

ಹನ್ನೊಂದೂ ಜನ ನಕ್ಕರು. ಮೇಲ್ವಿಚಾರಕಿಗೆ ಮಾತು ತಿಳಿಯದಿದ್ದರೂ ತಲೆ ಎಣಿಸಲು ಬರುತ್ತಿತ್ತು. ಬುಧವಾರ ಹೋಯಿತು, ಆದರೆ ಮುಂದಿನ ವಾರದಿಂದ ಶುಕ್ರವಾರ ಎರಡಕ್ಕೆ ಒಂದು ಕೋಣೆ ಖಾಲಿಯಿದೆ, ಹೆಸರುಗಳು ಮಾತ್ರ ಇಂದೇ ತಾಣದಲ್ಲಿ ಕಾಣಬೇಕು ಎಂದಳು.

ಅಂದು ಕೌದಿಗೆ ಒಂದು ಹೊಲಿಗೆಯೂ ಬೀಳಲಿಲ್ಲ. ಎರಡು ತಾಸು ಫೋನುಗಳೊಡನೆ ಗುದ್ದಾಟವೇ ನಡೆಯಿತು. ಒಬ್ಬಳಿಗೆ ಪಾಸ್‌ವರ್ಡ್ ನೆನಪಿಲ್ಲ, ಒಬ್ಬಳ ಕನ್ನಡಕ ಮನೆಯಲ್ಲಿ, ಇಬ್ಬರಿಗೆ ಇಮೇಲೇ ಇಲ್ಲ. ರಾಜಲಕ್ಷ್ಮಿ ಮೂರು ಸಲ ತನ್ನ ಹೆಸರಿನ ಜಾಗದಲ್ಲಿ ಪಾರ್ವತೆವ್ವನ ಹೆಸರು ತುಂಬಿದಳು. ನಾಲ್ಕೂವರೆಗೆ ಹನ್ನೊಂದನೆಯ ಹೆಸರು ಬಿತ್ತು. ಪಾರ್ವತೆವ್ವ ಬೆವರೊರೆಸಿಕೊಂಡಳು. ಕಾರ್ಖಾನೆಯ ಎಂಟು ತಾಸೂ ಅವಳನ್ನು ಇಷ್ಟು ದಣಿಸಿರಲಿಲ್ಲ.

ಶುಕ್ರವಾರದ ಕೋಣೆ ಈಗ ಚೆನ್ನಾಗಿಯೇ ನಡೆದಿದೆ. ಬೇಸ್‌ಮೆಂಟಿನ ಕೌದಿ ಅಲ್ಲಿಗೆ ಹೋಗಿ ನಾಲ್ಕು ಮಗ್ಗುಲೂ ಕಂಡಿದೆ. ಆದರೆ ಬುಧವಾರ ಎಂದು ಹೇಳುವ ಆ ಲೇಖನ ಇನ್ನೂ ತಿರುಗುತ್ತಲೇ ಇದೆ. ಅದನ್ನು ಹಿಂದಕ್ಕೆ ಕರೆಯಲು ಶರ್ವಾಣಿಯ ಕಂಪನಿಯ ಕೈಯಲ್ಲೂ ಆಗದು. ಆ ದಿನವನ್ನು ಯಾರೂ ಕೀಳಲಾಗದ ಹಾಗೆ ಹೊಲಿದವಳು ಪಾರ್ವತೆವ್ವನೇ. ಹಾಗಾಗಿ ಅವಳು ಪ್ರತಿ ಬುಧವಾರ ಎರಡಕ್ಕೆ ಭವನದ ಬಾಗಿಲ ಪಕ್ಕದ ಬೆಂಚಿನ ಮೇಲೆ, ತನಗೆ ತಾನೇ ಬೈದುಕೊಳ್ಳುತ್ತ, ಕೂತಿರುತ್ತಾಳೆ. ಕಳೆದ ವಾರ ಒಶಾವಾದಿಂದ ಒಬ್ಬ ಸಣ್ಣ ವಯಸ್ಸಿನ ಹೆಂಗಸು ಎರಡು ತಾಸಿನ ಬಸ್ಸು ಹಿಡಿದು ಬಂದಿದ್ದಳು. ಕೈಯಲ್ಲಿ ಸೀರೆಯ ಗಂಟು, ಫೋನಿನಲ್ಲಿ ಆ ಲೇಖನ.

"ಕೌದಿ ಹೊಲಿಯೋದು ಇಲ್ಲೇನಾ ಆಂಟಿ?"

"ಜಾಗ ಇದ ಐತಿ ನನ್ನವ್ವ, ದಿನ ಮಾತ್ರ ಶುಕ್ರವಾರ. ಇಷ್ಟ ದೂರ ಬಂದೀ, ಕೂಡು. ಗಂಟ ಕೆಳಗ ಇಡು, ಮೊದಲ ಫೋನ್ ತಗಿ."