ಪಂಪಿನ ಕೊನೆಯ ಬೋಲ್ಟು

ಮರುದಿನ ಬೆಳಿಗ್ಗೆ ಅಮ್ಮನನ್ನು ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದುಕೊಂಡು ಹೋಗಬೇಕಿತ್ತು. ಅದಕ್ಕೇ ಯಸಳೂರಿನ ನಮ್ಮ ಮನೆ ಮುಂದೆ ಹಳೇ ವ್ಯಾನಿನ ಇಂಜಿನ್ ತಣ್ಣಗಿಡುವ, ಸೋರುತ್ತಿದ್ದ ವಾಟರ್ ಪಂಪನ್ನು ಬದಲಿಸಲು ನಾನೇ ಬಿಚ್ಚುತ್ತಿದ್ದೆ. ಬೇರೆಲ್ಲ ಬೋಲ್ಟುಗಳು ಬಂದಿದ್ದವು, ಒಂದು ಮಾತ್ರ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಕಾದು, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೇ ಆಡಿಸುತ್ತಿದ್ದೆ. ಕೊನೆಗೂ ಅದು ಅಲುಗತೊಡಗಿತ್ತು.

ಕೆ. ಹೊಸಕೋಟೆಗೆ ದಾರಿ ಕೇಳಲು ಬೈಕ್ ನಿಲ್ಲಿಸಿದವನೊಬ್ಬ ಅದನ್ನು ಮರೆತು ನನ್ನ ಕೆಲಸ ನೋಡುತ್ತ ನಿಂತ.

"ಮನೇಲಿ ಗಂಡಸ್ರು ಯಾರೂ ಇಲ್ವೇನಕ್ಕಾ?" ಎಂದು ಸ್ಪ್ಯಾನರಿಗೆ ಕೈ ಚಾಚಿದ.

"ಬೇಡ, ಅದು ನಿಧಾನಕ್ಕೆ ಬರ್ತೈತೆ" ಅಂದೆ.

"ಇದಕ್ಕೆಲ್ಲ ರಟ್ಟೇಲಿ ಬಲ ಬೇಕು, ಬುಡಿ" ಎನ್ನುತ್ತ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ. ಅಲ್ಲೇ ಬಿದ್ದಿದ್ದ ಪೈಪನ್ನು ಅದರ ಹಿಡಿಗೆ ತೂರಿಸಿ ಮೈಭಾರವೆಲ್ಲ ಬಿಟ್ಟ. ಟಕ್ಕೆಂದು ಬೋಲ್ಟಿನ ತಲೆ ಮುರಿದು ಬಿತ್ತು. ಉಳಿದ ಅರ್ಧ ಇಂಜಿನ್ನಿನೊಳಗೇ ಸಿಕ್ಕಿಕೊಂಡಿತು; ಅದನ್ನು ಕೊರೆದು ತೆಗೆಯದೆ ಹೊಸ ಪಂಪು ಕೂರುವಂತಿರಲಿಲ್ಲ.

ಮುರಿದ ತಲೆಯನ್ನು ಎತ್ತಿ ಅವನ ಮುಂದೆ ಹಿಡಿದೆ.

"ತುಕ್ಕು ಹಿಡಿದ್ಬುಟ್ಟೈತೆ ಕಣಕ್ಕಾ, ನಾನೇನ್ಮಾಡ್ಲಿ? ಇಂಥದ್ದೆಲ್ಲ ಮೆಕ್ಯಾನಿಕ್ ಹತ್ರ ಮಾಡಿಸ್ಬೇಕು" ಎಂದು ಬುದ್ಧಿ ಹೇಳಿ ಬೈಕ್ ಹತ್ತಿದ.

ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದ ಅಮ್ಮ, "ವ್ಯಾನು ಯಾಕೆ ರಿಪೇರಿ ಆಗ್ಲಿಲ್ಲ?" ಅಂದಳು.

"ಯಾರೋ ಪುಣ್ಯಾತ್ಮ ಸಹಾಯ ಮಾಡಕ್ಕೆ ಬಂದಿದ್ದ ಕಣಮ್ಮ" ಅಂದೆ.