ಮನೆಹೆಸರಿಗೆ ಒಂದು ಹೊಸ ಅಕ್ಷರ

ಶ್ರೀಮಂಗಲದ ಕಡೆಯ ಒಂದು ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಶುರುವಾದ ಆ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಮೊದಲ ವರ್ಷಗಳಲ್ಲಿ ಸೇರಿದ ಮಕ್ಕಳ ಹೆಸರನ್ನೆಲ್ಲ ಸುವರ್ಣ ಮಹೋತ್ಸವದ ನೆನಪಿನ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತೇವೆಂದು ಹೆಡ್‌ಮೇಷ್ಟ್ರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಕಂಪ್ಯೂಟರಿನ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಹುಚ್ಚು ಇದ್ದದ್ದು ನನಗೊಬ್ಬನಿಗೇ. ಪಟ್ಟಿಯ ಕೆಲಸ ನನ್ನ ಕೊರಳಿಗೆ ಬಿತ್ತು, ಬಿದ್ದದ್ದಕ್ಕೆ ನನಗೆ ಖುಷಿಯೋ ಖುಷಿ.

ಮೊದಲ ಪ್ರತಿ ಪ್ರಿಂಟರಿನಿಂದ ಬಂದ ದಿನವೇ, ಐವತ್ತು ದಾಟಿದ ಹಳೇ ವಿದ್ಯಾರ್ಥಿನಿಯೊಬ್ಬರು ತೋಟದ ಕೆಲಸ ಬಿಟ್ಟು ಬಂದರು. ಅವರೂ ಅವರ ಅಕ್ಕನೂ ಒಂದೇ ದಿನ ಶಾಲೆಗೆ ಸೇರಿದವರು. ಅಕ್ಕ ಆ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡಿದ್ದಳು.

“ಅವಳ್ದು ಒಂದು ಫೋಟೋನೂ ಇಲ್ಲ ಮಾಷ್ಟ್ರೇ. ಹೆಸರು ಬರೆದದ್ದು ಅಂತ ಇದ್ರೆ ಈ ಶಾಲೇಲಿ ಮಾತ್ರ. ಪುಸ್ತಕದಲ್ಲಿ ಬರ್ಲೇಬೇಕು.”

ಹೆಮ್ಮೆಯಿಂದ ಹಾಳೆ ಕೊಟ್ಟೆ. ಅದರಲ್ಲಿ ಅಕ್ಕನೂ ಇರಲಿಲ್ಲ, ತಂಗಿಯೂ ಇರಲಿಲ್ಲ. ಮನೆಹೆಸರು ಮಾತ್ರ ಒಂದರ ಕೆಳಗೊಂದು ಎರಡು ಸಲ ಇತ್ತು.

ತಪ್ಪು ನನ್ನದೇ. ಕೊಡವರಲ್ಲಿ ಉದ್ದದ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಾನು ಕುಶಾಲನಗರದ ಕಡೆಯ ರೈತರ ಮಗ. ನಮ್ಮಲ್ಲಿ ಹೆಸರಿಗೊಂದು ಇನಿಷಿಯಲ್ ಇದ್ದರೆ ಆಯಿತು. ಅದೇ ಅಂದಾಜಿನಲ್ಲಿ ಪ್ರತಿ ಹೆಸರಿಗೂ ಜಾಗ ಬಿಟ್ಟಿದ್ದೆ. ಸಾಲದ್ದಕ್ಕೆ, ಸಾಲುಗಳನ್ನು ಮುದ್ರಿಸುವ ಸಿ ಭಾಷೆಯ ಆಜ್ಞೆಯಾದ ಪ್ರಿಂಟ್‌ಎಫ್ ಕನ್ನಡದ ಒಂದು ‘ಕ’ವನ್ನು ಮೂರು ಅಕ್ಷರ ಎಂದು ಎಣಿಸುತ್ತದೆ. ಜಾಗ ತುಂಬಿದ ಕೂಡಲೇ ಉಳಿದದ್ದನ್ನು ಕತ್ತರಿಸಿ ಎಸೆಯುತ್ತದೆ.

“ಮನೆಹೆಸರನ್ನ ಚಿಕ್ಕದು ಮಾಡ್ಲಾ ಅಮ್ಮಾ?” ಎಂದೆ.

“ಮಾಡಿ ನೋಡಿ! ಆಮೇಲೆ ಈ ಊರಲ್ಲಿ ನಿಮ್ಗೆ ಒಂದು ಲೋಟ ಕಾಫಿ ಹುಟ್ಟೋದಿಲ್ಲ,” ಎಂದು ನಕ್ಕರು. ಬೆಂಚಿನಿಂದ ಮಾತ್ರ ಏಳಲಿಲ್ಲ. ಪಟ್ಟಿ ನಾಲ್ಕು ಗಂಟೆಯ ಬಸ್ಸಿಗೆ ಗೋಣಿಕೊಪ್ಪದ ಪ್ರೆಸ್ಸಿಗೆ ಹೋಗಬೇಕಿತ್ತು. ಆಗಲೇ ಹನ್ನೆರಡು.

ಸಿ ಭಾಷೆಯ ಕೈಪಿಡಿಯಲ್ಲಿ ಓದಿದ್ದು ಥಟ್ಟನೆ ಹೊಳೆಯಿತು. ಪ್ರಿಂಟ್‌ಎಫ್‌ಗೆ ಗೊತ್ತಿರುವ ಸಂಕೇತಾಕ್ಷರಗಳು ಸಾಲದಿದ್ದರೆ ನಮ್ಮದೇ ಒಂದನ್ನು ಅದಕ್ಕೆ ಕಲಿಸಬಹುದು! ಸಂಖ್ಯೆಗೆ ‘ಡಿ’, ಪದಕ್ಕೆ ‘ಎಸ್’ ಇರುವ ಹಾಗೆ ನಾನು ಮನೆತನಕ್ಕೆಂದು ದೊಡ್ಡ ‘ಎಮ್’ ಒಂದನ್ನು ಸೇರಿಸಿದೆ. ಎಮ್ ಕಂಡ ಕೂಡಲೇ ನಾನು ಬರೆದ ಪ್ರೋಗ್ರಾಂ ತುಣುಕು ಓಡಬೇಕು. ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸಬೇಕು. ಹಿಡಿಸದಿದ್ದರೆ ಕತ್ತರಿಸದೆ ಸ್ವಂತ ಹೆಸರನ್ನು ಮುಂದಿನ ಸಾಲಿಗೆ ಇಳಿಸಬೇಕು. ಊಟದ ಗಂಟೆ ಹೊಡೆದದ್ದೂ ನನಗೆ ಕೇಳಿಸಲಿಲ್ಲ. ಮೊದಲ ಸಲ ಅಕ್ಷರ ಒಂದು ಸಾಲಿನಲ್ಲಿ, ಅದರ ಒತ್ತು ಇನ್ನೊಂದರಲ್ಲಿ ಬಂತು. ನನ್ನನ್ನೇ ಚೆನ್ನಾಗಿ ಬೈದುಕೊಂಡೆ. ಎರಡನೆಯ ಸಲ ಪ್ರೋಗ್ರಾಂ ನಿಂತೇ ಹೋಯಿತು. ಮೂರನೆಯ ಸಲ ಬಂತು ನೋಡಿ! ಮೇಲೆ ಮನೆಹೆಸರು, ಕೆಳಗೆ ಹುಡುಗಿಯ ಹೆಸರು, ಒಂದು ಕೊಂಬೂ ಮುರಿಯದೆ! ಕುರ್ಚಿ ಬೀಳಿಸಿಕೊಂಡು ಎದ್ದು ಕೂಗಿದೆ. ಪಕ್ಕದ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು.

ಬಸ್ಸಿಗೆ ಒಂದು ಪ್ರತಿ ತೆಗೆದಿಟ್ಟು ಇನ್ನೊಂದನ್ನು ಆ ಅಮ್ಮನಿಗೆ ಕೊಟ್ಟೆ; ಅವರು ಅಕ್ಕನ ಹೆಸರನ್ನೇ ನೋಡಿದರು, ತಮ್ಮದನ್ನು ಹುಡುಕಲೇ ಇಲ್ಲ.

“ಇದನ್ನ ಈಗ್ಲೇ ತಕೊಂಡು ಹೋಗ್ಲಾ ಮಾಷ್ಟ್ರೇ? ಅವ್ವನಿಗೆ ಕಣ್ಣು ಕಾಣೋದಿಲ್ಲ, ನಾನೇ ಓದಿ ಹೇಳ್ಬೇಕು. ಅವಳು ಹೋದ ಮೇಲೆ ಮನೇಲಿ ಆ ಹೆಸರು ಯಾರೂ ಎತ್ತಿದ್ದಿಲ್ಲ. ಇಲ್ಲಿ ಒಂದ್ಸಲ ಓದಿ ನೋಡ್ತೇನೆ.”

ಮನೆಹೆಸರು ಸಲೀಸಾಗಿ ಬಂತು. ಕೆಳಗಿನ ಸಾಲಿಗೆ ಬರುವಾಗ ಹಾಳೆಯನ್ನು ಮಡಿಲಿಗೆ ಇಳಿಸಿದರು. ನೀರು ತಂದುಕೊಟ್ಟೆ. ಅವರು ಮತ್ತೆ ಮೊದಲಿನಿಂದ ಓದಿದರು.